ಹತ್ತಿಕಲ್ಲು

ದೀಪದ ಬತ್ತಿಗೆಂದು ಅಕ್ಕನಾಗಮ್ಮ ಗೂಡಿನಲ್ಲಿದ್ದ ಅರಳೆಗೆ ಕೈ ಚಾಚಿದಳು.

“ಮುಟ್ಟಬ್ಯಾಡ್ರಿ ಅಕ್ಕಾರ. ಅದು ಹತ್ತಿ ಅಲ್ಲ, ಕಲ್ಲು.”

ನಸುಕಿನಲ್ಲಿ ಗಂಡ ಅಮರಪ್ಪ ತೀರಿಕೊಂಡ ಮೇಲೆ ಮುರಿಗೆವ್ವ ಆಡಿದ ಮೊದಲ ಮಾತು ಅದು. ತಿಕೋಟಾದಿಂದ ತಮ್ಮನ ಮಣ್ಣಿಗೆ ಬಂದಿದ್ದ ಅಕ್ಕನಾಗಮ್ಮ ಕೈ ಹಿಂದೆಗೆದಳು.

“ಜೀವ ಇರೂತನಕಾ ಕಲ್ಲು ಒಡದ. ಮನ್ಯಾಗೂ ಒಂದು ತಂದು ಇಟ್ಕೊಂಡಾನ ನೋಡು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಬಲೇಶ್ವರದ ಸುತ್ತ ಅಮರಪ್ಪ ಇಳಿಯದ ಬಾವಿ ಕಡಿಮೆ. ಈಗ ಅವನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಅಂಗಳದಲ್ಲಿ ಮಂದಿ ಅವನು ತೋಡಿದ ಬಾವಿಗಳಲ್ಲಿ ಯಾವುದರ ನೀರು ಸಿಹಿ, ಯಾವುದರದು ಸವುಳು ಎಂದು ಮಾತಾಡುತ್ತಿದ್ದರು. ಮುರಿಗೆವ್ವನಿಗೆ ಆ ಮಾತುಗಳು ಎಲ್ಲೋ ಆಳದಿಂದ ಬಂದಂತೆ ಕೇಳುತ್ತಿದ್ದವು.

*

ಐದು ವರ್ಷದ ಹಿಂದೆ, ಯುದ್ಧದ ಕಾಲ. ಮಮದಾಪುರದ ಬಾವಿಯಲ್ಲಿ ಕರಿಕಲ್ಲು ಬಿರಿದಾಗ ಅದರ ಪೊಳ್ಳಿನಲ್ಲಿ ಈ ಬಿಳಿ ಉಂಡೆ ಕಂಡಿತು. ಆಗತಾನೆ ಒಡೆದ ಹತ್ತಿಕಾಯಿಯ ಹಾಗೆ, ಕೂದಲಿಗಿಂತ ನವಿರು ಎಳೆಗಳು. ಸುಣ್ಣವೂ ಉಸುಕಿನ ಸತ್ವವೂ ಕೂಡಿ ಕಲ್ಲಿನ ಹೊಟ್ಟೆಯಲ್ಲಿ ಬೆಳೆಯುವ ಅಪರೂಪದ ಜಾತಿಯಿದು, ಮುಟ್ಟಿದರೆ ಕೆಡುತ್ತದೆ ಎಂದು ಬಾವಿ ನೋಡಲು ಬಂದ ಸಾಹೇಬರು ಹೇಳಿದ್ದರಂತೆ. ಅಮರಪ್ಪ ರುಮಾಲಿನಲ್ಲಿ ಕಟ್ಟಿ ತಂದು ಬಿಚ್ಚಿಟ್ಟ. ಅವನು ಅದನ್ನೆಲ್ಲ ಹೇಳಿ ಮುಗಿಸುವುದರೊಳಗೆ ನಾಲ್ಕು ವರ್ಷದ ಮಗಳು ಗೌರಾ ಬೆರಳೊತ್ತಿಬಿಟ್ಟಿದ್ದಳು.

ಒತ್ತಿದಲ್ಲಿ ಎಳೆಗಳು ಮಲಗಿ ಸಣ್ಣ ಗುಳಿ ಬಿತ್ತು. ಸೂಜಿಯ ತುದಿಯಿಂದ ಎಬ್ಬಿಸಲು ನೋಡಿದ; ಏಳಲಿಲ್ಲ. ಮಗಳನ್ನು ಬೈದ.

ಮರುವರ್ಷ ಗೌರಾ ವಾಂತಿಭೇದಿಗೆ ಹೋದಳು. ಅಂದಿನಿಂದ ಲಿಂಗಪೂಜೆ ಮುಗಿಸಿದವನು ಗೂಡಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. ಕೈ ಮಾತ್ರ ಹಚ್ಚುತ್ತಿರಲಿಲ್ಲ. “ಏಳದ ಇದ್ದದ್ದs ಚಲೋ ಆತು,” ಎಂದಿದ್ದ ಒಮ್ಮೆ.

*

ಕುಣಿ ಸಜ್ಜಾಗಿದೆಯೆಂದು ಮಣ್ಣಿನ ಕ್ರಿಯೆ ಮಾಡಿಸುವ ಜಂಗಮ ಗುರುಪಾದಯ್ಯನವರು ಬಂದು ಹೇಳಿದರು.

“ಅವನ ಜೀವ ಆ ಕಲ್ಲಿನ ಮ್ಯಾಲಿತ್ತಂತ,” ಎಂದಳು ಅಕ್ಕನಾಗಮ್ಮ. “ಕುಣ್ಯಾಗ ಜೋಡಿ ಇಟ್ಟುಬಿಡೂಣರಿ ಅಯ್ಯಾರ.”

ಅಯ್ಯನವರು ಮುರಿಗೆವ್ವನ ಕಡೆ ನೋಡಿದರು.

“ಮಣ್ಣು ಬಿದ್ರ ಕೂಸಿನ ಬೆರಳು ಹೋಗತೈತ್ರಿ,” ಎಂದಳು ಅವಳು.

ಅವಳೇ ಎದ್ದು ಕಲ್ಲನ್ನು ತಂದು ಗಂಡನ ಮುಂದೆ ಕುಳಿತಳು. ಅವನ ಬಲಗೈ ಎತ್ತಿಕೊಂಡಳು. ಉಳಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು ತಣ್ಣಗಿತ್ತು.

“ಒಮ್ಮಿನೂ ಮುಟ್ಟಲಿಲ್ಲರಿ ಇವರು.”

ಆ ಹೆಬ್ಬೆರಳನ್ನು ಎಳೆಗಳ ಮೇಲೆ ಮೆಲ್ಲಗೆ ಒತ್ತಿ, ಬಿಟ್ಟಳು.

ಕಡಲೆಕಾಳಿನಷ್ಟು ಗುಳಿಯ ಮಗ್ಗುಲಲ್ಲಿ ಈಗ ಒಂದು ಅಗಲವಾದ ಗುಳಿ. ಹೊರಗೆ ಭಜನೆಯ ತಾಳ ಎದ್ದಿತು. ಎಳೆಗಳು ಏಳಲಿಲ್ಲ.