ಆವತ್ಲ್ ಪದದ ಎರಡನೇ ಅರ್ಥ

ಮಂಗಳವಾರ, ಸಂತೆಯ ದಿನ. ಬಸ್ ನಿಲ್ದಾಣದ ಎದುರಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತಿದ್ದ ಒತಿಲಿಯಾ ಶಿಕಾಲೆ ಪರದೆಯ ಮೇಲಿನ ಒಂದು ಸಾಲು ಓದುವಷ್ಟರಲ್ಲಿ ಅವಳ ಕೈಕಾಲು ತಣ್ಣಗಾದವು. ಸಾಲು ಪೂರ್ತಿಯಾಗಿಯೂ ಇರಲಿಲ್ಲ. ‘ಆವತ್ಲ್: ಓಕ್ ಮರ. ಆದರೆ ಹಳೆಯ ದಸ್ತಾವೇಜುಗಳಲ್ಲಿ ಇದೇ ಅಕ್ಷರಗಳಲ್ಲಿ ಬರೆದ ಬೇರೊಂದು ಪದವೂ ಇದ್ದು, ಅದರ ಅರ್ಥ...’ ಅಲ್ಲಿಂದ ಮುಂದೆ ಎಲ್ಲ ಮಸುಕು. ಕೆಳಗೆ ಒಂದು ಬೀಗದ ಚಿತ್ರ. ಮುಂದೆ ಓದಲು ಚಂದಾದಾರರಾಗಿ ಎಂಬ ಸೂಚನೆ.

ಅವಳು ಪುಟವನ್ನು ಮೇಲೆ ಕೆಳಗೆ ಸರಿಸಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಮಸುಕಾದ ಅಕ್ಷರ ಮಸುಕಾಗಿಯೇ ಇತ್ತು.

ಒತಿಲಿಯಾಗೆ ಮೂವತ್ತಾರು ವರ್ಷ. ಪ್ಯುಬ್ಲಾ ಪ್ರಾಂತ್ಯದ ಉತ್ತರದ ಬೆಟ್ಟಸೀಮೆಯ ಆ ಪೇಟೆಯಲ್ಲಿ ಮಕ್ಕಳಿಗೆ ಅಲ್ಲಿನ ಮೂಲಭಾಷೆ ನಾವಾತ್ಲ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪಾಠ ಹೇಳುವ ಟೀಚರು. ಜೊತೆಗೆ ಕೋರ್ಟುಗಳ ಅನುವಾದಕರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮೂರು ವಾರದ ಹಿಂದೆ ಭೂ ನ್ಯಾಯಮಂಡಳಿಗೆ ಅವಳು ಒಂದು ಗಡಿಪತ್ರವನ್ನು ಸ್ಪ್ಯಾನಿಷ್‌ಗೆ ತಿರುಗಿಸಿ, ಸಹಿ ಹಾಕಿ ಕೊಟ್ಟಿದ್ದಳು. ಮುನ್ನೂರ ಎಂಬತ್ತು ವರ್ಷ ಹಿಂದಿನ ನಾವಾತ್ಲ್ ಪತ್ರ. ಸಾನ್ ಹಾಸಿಂತೊ, ಸಾಂತಾ ರೀತಾ ಎಂಬ ಎರಡು ಹಳ್ಳಿಗಳ ನಡುವಿನ ನೀರಿನ ಬುಗ್ಗೆ ಯಾರದು ಎಂಬ ಜಗಳ ಅದರ ಮೇಲೆ ನಿಂತಿತ್ತು. ಆರು ವರ್ಷದ ಹಿಂದೆ ಅದೇ ಬುಗ್ಗೆಯ ಹತ್ತಿರ ಸಾಂತಾ ರೀತಾದ ಎಲಿಸೆಯೊ ಎಂಬವನು ಮಚ್ಚಿನ ಏಟಿಗೆ ಸತ್ತಿದ್ದ. ಪಟ್ಟಿಯಲ್ಲಿದ್ದ ಬೇರೆ ಇಬ್ಬರು ಅನುವಾದಕರು ಈ ಕೆಲಸ ಬೇಡವೆಂದಿದ್ದರು. ಒತಿಲಿಯಾಳ ತಾಯಿಯ ಊರು ಸಾನ್ ಹಾಸಿಂತೊ ಎಂಬುದನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಪತ್ರದಲ್ಲಿ ಗಡಿ ನಡೆದು ಗುರುತಿಸಿದವರು ಹೇಳುತ್ತಾರೆ: ಶಿಲುಬೆಗಲ್ಲಿನಿಂದ ನಾವು ಆವತಿತ್ಲಾನ್‌ಗೆ ಇಳಿಯುತ್ತೇವೆ. ಆವತಿತ್ಲಾನ್ ಎಂದರೆ ಓಕ್ ಮರಗಳ ನಡುವೆ. ಕಂಪ್ಯೂಟರಿನಲ್ಲಿ ಬಿಟ್ಟಿ ಸಿಗುವ ನಿಘಂಟಿನಲ್ಲೂ ಹಾಗೇ ಇತ್ತು. ಓಕ್ ತೋಪು ಇರುವುದು ಶಿಲುಬೆಗಲ್ಲಿನ ಮೇಲುಗಡೆ, ಹಾಗಾಗಿ ಗಡಿ ಮೇಲೇರಿ ಬುಗ್ಗೆಯನ್ನು ಸುತ್ತಿಕೊಂಡು ಸಾನ್ ಹಾಸಿಂತೊ ಪಾಲಿಗೆ ಬರುತ್ತದೆ. ‘ಇಳಿಯುತ್ತೇವೆ’ ಎಂಬುದೊಂದು ಅವಳಿಗೆ ಅಡ್ಡ ಬಂದಿತ್ತು. ಗುಮಾಸ್ತನ ಕೈತಪ್ಪು ಎಂದುಕೊಂಡು ‘ಹೋಗುತ್ತೇವೆ’ ಎಂದು ಬರೆದಿದ್ದಳು. ಅಂದಿನಿಂದ ಆ ಒಂದು ಕ್ರಿಯಾಪದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅವಳನ್ನು ಬಿಟ್ಟಿರಲಿಲ್ಲ. ಅದಕ್ಕೇ ಇವತ್ತು ವಿದ್ವಾಂಸರು ಬಳಸುವ ಆ ದೊಡ್ಡ ನಿಘಂಟನ್ನು ಹುಡುಕಿಕೊಂಡು ಬಂದಿದ್ದಳು.

ಬಿಟ್ಟಿ ನಿಘಂಟನ್ನು ಮತ್ತೆ ತೆರೆದಳು. ಹಳ್ಳಿ ಹಳ್ಳಿಯ ಟೀಚರುಗಳು, ವಿದ್ಯಾರ್ಥಿಗಳು ಸೇರಿ ಪ್ರೀತಿಯಿಂದ ಕಟ್ಟಿದ್ದು ಅದು. ಪ್ರತಿ ಪದದ ಕೆಳಗೆ ಅದನ್ನು ಯಾರು, ಯಾವಾಗ ಸೇರಿಸಿದರು ಎಂದು ತೋರಿಸುವ ಒಂದು ಸಣ್ಣ ಗುಂಡಿ. ಇಷ್ಟು ವರ್ಷ ಅದನ್ನು ಒತ್ತಿ ನೋಡುವ ಯೋಚನೆ ಬಂದಿರಲಿಲ್ಲ. ಒತ್ತಿದಳು.

ಸೇರಿಸಿದವರು: ಒತಿಲಿಯಾ ಶಿಕಾಲೆ. ಹದಿನೇಳು ವರ್ಷದ ಹಿಂದೆ.

ಅವಳಿಗೆ ನೆನಪಾಯಿತು. ಹತ್ತೊಂಬತ್ತು ವಯಸ್ಸಿನಲ್ಲಿ ರಜೆಯಲ್ಲಿ ಕೂತು ಇನ್ನೂರು ಪದ ಸೇರಿಸಿದ್ದಳು. ಸೋದರಮಾವ ಹೇಳಿದ್ದನ್ನು ಬರೆದುಕೊಂಡಿದ್ದಳು. ಹಾಗಾದರೆ ಕೋರ್ಟಿಗೆ ಅವಳು ತೋರಿಸಿದ ಸಾಕ್ಷಿ ಅವಳೇ. ಅಂಗಡಿಯಿಂದ ಹೊರಗೆ ಬಂದು ಗೋಡೆಗೆ ಒರಗಿ, ಪ್ಯುಬ್ಲಾ ನಗರದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದ್ದ ಗೆಳತಿ ನೆರೇಯ್ದಾಗೆ ಫೋನ್ ಮಾಡಿದಳು.

“ಏನೇ, ಯಾರಾದ್ರೂ ಸತ್ರಾ? ನಿನ್ನ ದನಿ ಹಂಗಿದೆ,” ಅಂದಳು ನೆರೇಯ್ದಾ.

“ಇನ್ನೂ ಇಲ್ಲ ಕಣೇ.”

ಒತಿಲಿಯಾ ಎಲ್ಲ ಹೇಳಿದಳು. ನೆರೇಯ್ದಾ ನಗಲಿಲ್ಲ.

“ಈ ವರ್ಷ ನಮ್ಮ ಲೈಬ್ರರಿಯೋರು ಚಂದಾ ಕಟ್ಟಿಲ್ಲ ಕಣೇ. ಫ್ರೀ ಇರುವಾಗ ದುಡ್ಡು ಯಾಕೆ ಸುರೀಬೇಕು ಅಂದ್ರು ಮೇಲಿನೋರು. ವರ್ಷದ ಚಂದಾ ಕಟ್ಟೋದಾದ್ರೆ ನಿನ್ನ ತಿಂಗಳ ಸಂಬಳ ಹೋಗುತ್ತೆ.”

“ಒಂದೇ ಪದ ನಂಗೆ ಬೇಕಾಗಿರೋದು. ಒಂದೇ ಒಂದು.”

“ಒಂದಿನದ ಪಾಸು ಅಂತ ಇದೆ. ಕಾರ್ಡು ಬೇಕು ಅದಕ್ಕೆ.”

“ನನ್ನ ಹತ್ರ ಎಲ್ಲಿ ಬರ್ಬೇಕು ಕಾರ್ಡು?”

“ನಂದ್ರಲ್ಲೇ ತಗೊಳ್ತೀನಿ, ಬಿಡು. ನಾಳೆ ಶಾಲೆ ಮುಗಿದ ಮೇಲೆ ಪಾಸ್‌ವರ್ಡ್ ಕಳಿಸ್ತೀನಿ. ಒತಿಲಿಯಾ... ಅದ್ರಲ್ಲಿ ಓಕ್ ಅಂತಲೇ ಇರ್ಲಿ ಅಂತ ಬೇಡ್ಕೋ.”

ಬೇಡಿಕೊಂಡಳು. ಬುಧವಾರ ಮಕ್ಕಳು ಕೂಡುವ ಲೆಕ್ಕ ಮಾಡುತ್ತಿದ್ದಾಗ ಕಿಟಕಿಯಾಚೆ ಯಾರೋ ಬಾಗಿಲು ಬಡಿದದ್ದಕ್ಕೇ ಬೆಚ್ಚಿದಳು. ಮಧ್ಯಾಹ್ನ ಪಾಸ್‌ವರ್ಡ್ ಬಂತು, ಮತ್ತೆ ಇಂಟರ್ನೆಟ್ ಅಂಗಡಿಗೆ ಹೋದಳು. ಬೀಗದ ಚಿತ್ರ ಮಾಯವಾಗಿ ಮಸುಕು ತಿಳಿಯಾಯಿತು.

ಎರಡು ಪದಗಳಂತೆ. ಮೊದಲಕ್ಷರ ದೀರ್ಘವಾದರೆ ಓಕ್ ಮರ. ಹ್ರಸ್ವವಾಗಿ, ಗಂಟಲಲ್ಲಿ ಉಸಿರು ಒಮ್ಮೆ ಕಡಿದು ಹೇಳಿದರೆ ಮುಳ್ಳು. ಆ ಕಾಲದ ಗುಮಾಸ್ತರು ದೀರ್ಘಕ್ಕೂ ಗುರುತು ಹಾಕುತ್ತಿರಲಿಲ್ಲ, ಉಸಿರು ಕಡಿಯುವುದಕ್ಕೂ ಹಾಕುತ್ತಿರಲಿಲ್ಲ. ಎರಡೂ ಒಂದೇ ಥರ ಬರೆಯುತ್ತಿದ್ದರು. ಯಾವುದೆಂದು ತಿಳಿಯಲು ಅಕ್ಕಪಕ್ಕದ ಮಾತು ನೋಡಬೇಕು ಎಂದಿತ್ತು.

ಅಕ್ಕಪಕ್ಕದ ಮಾತು. ಇಳಿಯುತ್ತೇವೆ. ಶಿಲುಬೆಗಲ್ಲಿನ ಕೆಳಗೆ ಹಳ್ಳದವರೆಗೆ ಇರುವುದು ಬರೀ ಮುಳ್ಳುಕಂಟಿ, ಪಾಪಾಸುಕಳ್ಳಿ. ಗಡಿ ಕೆಳಗಿಳಿಯುತ್ತದೆ. ಬುಗ್ಗೆ ಸಾಂತಾ ರೀತಾದ್ದು.

ಅವಳಿನ್ನೂ ಪರದೆ ನೋಡುತ್ತಿರುವಾಗಲೇ ಫೋನಿಗೆ ಧ್ವನಿಸಂದೇಶ ಬಂತು. ತಾಯಿಯ ಅಣ್ಣ, ಸಾನ್ ಹಾಸಿಂತೊದ ಜಮೀನು ಸಮಿತಿಯ ಮುಖ್ಯಸ್ಥ, ಜನ ಗೌರವದಿಂದ ‘ದೋನ್’ ಎನ್ನುವ ಫಿದೆನ್ಸಿಯೊ. ಹಿಂದೆ ಜನ ಗಲಗಲ ಮಾತಾಡುವುದು ಕೇಳುತ್ತಿತ್ತು. “ಮಗಳೇ, ಸೋಮವಾರದ ವಿಚಾರಣೆಗೆ ಯಾರು ಕಾಯ್ತಾರೆ? ನಿನ್ನ ಕಾಗದ ಸಾಕು ನಮಗೆ. ನಾಳೆ ಬೆಳಿಗ್ಗೆ ಪೈಪು ಹೊತ್ಕೊಂಡು ಬುಗ್ಗೆಗೆ ಹತ್ತೀವಿ. ಅಡ್ಡ ಬಂದೋರು ಬರ್ಲಿ, ನೋಡೇಬಿಡಾಣ.”

ಒತಿಲಿಯಾ ತಿರುಗಿ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಗಡಿಪತ್ರದ ನಕಲನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಗುರುವಾರ ಮೊದಲ ಗಾಡಿಗೆ ಸಾನ್ ಹಾಸಿಂತೊಗೆ ಹೊರಟಳು. ಸಾಮಾನು, ಜನ, ಎರಡು ಟರ್ಕಿ ಕೋಳಿ ತುಂಬಿದ ಆ ಪಿಕಪ್ ತಿರುವಿನಲ್ಲಿ ವಾಲಿದಾಗಲೆಲ್ಲ, ಇದು ಹಾಳಾಗಿ ನಿಂತರೆ ಎಂಬ ಭಯ; ನಿಲ್ಲದೆ ಮುಟ್ಟಿಬಿಟ್ಟರೆ ಎಂಬ ಭಯ ಇನ್ನೂ ದೊಡ್ಡದು. ಮಾವನ ಅಡುಗೆಮನೆ ಹೊಕ್ಕಾಗ ಅವನು ಮಣ್ಣಿನ ಗಡಿಗೆಯಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ.

“ಬಾರಮ್ಮಾ ಪಂಡಿತೆ! ನೀನೂ ಹೊರಡ್ತೀಯಾ ನಮ್ಮ ಜೊತೆ?”

“ಮಾವಾ, ನಾನು ತಪ್ಪು ಬರ್ದಿದೀನಿ. ಓಕ್ ಅಲ್ಲ ಅದು. ಮುಳ್ಳು.”

ಫಿದೆನ್ಸಿಯೊ ಒಂದು ಗುಟುಕು ಕುಡಿದ. “ಯಾರು ಹೇಳಿದ್ದು?”

“ನಿಘಂಟು.”

“ನಿಘಂಟು ನೋಡ್ಕೊಂಡೇ ತಾನೆ ನೀನು ಬರ್ದಿದ್ದು?”

“ಅದು ಬಿಟ್ಟಿ ಸಿಗೋದು. ಇದು ದುಡ್ಡು ಕೊಟ್ಟು ನೋಡಿದ್ದು.”

ಅವನು ನಕ್ಕ. “ಬಿಟ್ಟಿದು ನಮ್ಮೋರು ಮಾಡಿದ್ದು. ದುಡ್ಡಿಂದು? ಯಾರೋ ಬಂದ್ರು, ನಮ್ಮ ಅಜ್ಜಿ ಮಾತೆಲ್ಲ ಟೇಪಲ್ಲಿ ಹಿಡ್ಕೊಂಡು ಹೋದ್ರು, ಬೀಗ ಹಾಕಿದ್ರು, ಈಗ ನಮಗೇ ಮಾರ್ತಾರೆ. ಅವ್ರ ಮಾತು ನಿನಗೆ ವೇದ, ಮಾವನ ಮಾತು ಕಸ. ಅಲ್ವಾ?”

ಅದರಲ್ಲಿ ಅರ್ಧ ನಿಜವಿತ್ತು. “ಅವ್ರನ್ನ ನಂಬಬೇಡ ಮಾವಾ. ನಮ್ಮ ಪತ್ರಾನ ನಂಬು. ಅದ್ರಲ್ಲಿ ‘ತಿತೆಮೊ’ ಅಂತಿದೆ. ಇಳೀತೀವಿ ಅಂತ. ನಾನು ಅದನ್ನ ನುಂಗಿಬಿಟ್ಟೆ.”

ಫಿದೆನ್ಸಿಯೊ ಲೋಟ ಕೆಳಗಿಟ್ಟ. ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದ.

“ಇದು ಯಾರ್ಯಾರಿಗೆ ಗೊತ್ತು?”

ಅವನು ದನಿ ಏರಿಸಿರಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಎತ್ತಿ ಆಡಿಸಿದ ಮನುಷ್ಯ. ಜೀವನದಲ್ಲಿ ಮೊದಲ ಸಲ ಒತಿಲಿಯಾಗೆ ಅವನ ಕೈಗಳ ಕಡೆ ನೋಡಬೇಕೆನಿಸಿತು.

“ನಂಗೆ. ನನ್ನ ಗೆಳತಿಗೆ.”

“ಫೋನ್ ಕೊಡಿಲ್ಲಿ.”

ಕೊಟ್ಟಳು. ಅದನ್ನವನು ಸಂತರ ಪಟದ ಹಿಂದಕ್ಕೆ ಸೇರಿಸಿದ.

“ಮಾರ್ಚ್ ಬಂದ್ರೆ ನಮ್ಮ ಬಾವಿಲಿ ಕಪ್ಪೆಗೂ ನೀರಿರಲ್ಲ. ನಿಮ್ಮತ್ತೆ ಸೊಂಟ ಹೋಗಿದ್ದು ಯಾತಕ್ಕೆ? ನೀರು ಹೊತ್ತು. ನೀನು ಪೇಟೆಲಿ ನಲ್ಲಿ ತಿರುಗಿಸ್ತೀಯ. ಇಲ್ಲೇ ಕೂತಿರು. ಸಂಜೆ ನಾನು ಬಂದ್ಮೇಲೆ ಊಟ ಮಾಡಿ ಹೋಗುವಿಯಂತೆ.” ಅಷ್ಟು ಹೇಳಿ ಹಿತ್ತಲ ಕೊಟ್ಟಿಗೆಗೆ ಕತ್ತೆ ಬಿಚ್ಚಲು ಹೋದ.

ಇಗರ್ಜಿಯ ಅಂಗಳದಲ್ಲಿ ಜನ ಸೇರುವ ಸದ್ದು ಕೇಳುತ್ತಿತ್ತು. ಒತಿಲಿಯಾ ಎದ್ದಳು, ಕೂತಳು. ಮತ್ತೆ ಎದ್ದಳು. ಮುಂಬಾಗಿಲಿಗೆ ಅವನು ಚಿಲಕ ಹಾಕಿರಲಿಲ್ಲ. ಮರೆತನೋ, ಇವಳು ಏಳಲಾರಳು ಎಂದುಕೊಂಡನೋ. ಬಾಗಿಲು ದೂಡಿ ಬೀದಿಗಿಳಿದಳು. ಹಿಂದೆ ಹೆಜ್ಜೆ ಸದ್ದು ಕೇಳಿದಂತಾಗಿ ಎರಡು ಸಲ ತಿರುಗಿ ನೋಡಿದಳು. ನಾಯಿ.

ಅಂಗಳದಲ್ಲಿ ನಲವತ್ತು ಗಂಡಸರಿದ್ದರು. ಹೆಗಲ ಮೇಲೆ ಕರಿ ಪೈಪಿನ ಸುರುಳಿ, ಸೊಂಟದಲ್ಲಿ ಮಚ್ಚು. ಅವಳನ್ನು ಕಂಡು ಕೆಲವರು ಟೋಪಿ ತೆಗೆದು ನಕ್ಕರು. ಅವಳು ಇಗರ್ಜಿಯ ಮೆಟ್ಟಿಲು ಹತ್ತಿದಳು. ರವಿಕೆಯೊಳಗಿಂದ ಪತ್ರದ ನಕಲು ತೆಗೆದಳು.

“ಈ ಪತ್ರಾನ ನಾನು ಸ್ಪ್ಯಾನಿಷ್‌ನಲ್ಲಿ ಬರ್ದು ಕೊಟ್ಟೆ. ನೀವ್ಯಾರೂ ನಿಮ್ಮ ಭಾಷೇಲಿ ಕೇಳ್ಲಿಲ್ಲ. ಈಗ ಕೇಳಿ.”

ಓದಿದಳು. ಹಳೆಯ ನಾವಾತ್ಲ್, ಆದರೂ ಅವರಜ್ಜಂದಿರ ಮಾತೇ. ‘ಶಿಲುಬೆಗಲ್ಲಿನಿಂದ ಆವತಿತ್ಲಾನ್‌ಗೆ ತಿತೆಮೊ’ ಎಂಬಲ್ಲಿಗೆ ಬಂದಾಗ ಮುಂದೆ ನಿಂತಿದ್ದ ಇಲಾರಿಯೊ ಎಂಬ ನಡುವಯಸ್ಸಿನವನು ಹುಬ್ಬು ಗಂಟಿಕ್ಕಿದ.

“ತಡಿ ತಡಿ ಟೀಚರೇ. ಶಿಲುಬೆಗಲ್ಲಿಂದ ಓಕ್ ತೋಪಿಗೆ ಇಳಿಯೋದು ಹೆಂಗೆ? ತಲೆಕೆಳಗಾಗಿ ನಡೀತಿದ್ರಾ ನಮ್ಮ ಹಿರೀಕ್ರು?”

ಯಾರೋ ಕಿಸಕ್ಕೆಂದರು.

“ಓಕ್ ತೋಪಿಗಲ್ಲ,” ಅಂದಳು ಒತಿಲಿಯಾ. ಆ ಪದವನ್ನು ಹ್ರಸ್ವವಾಗಿ, ಉಸಿರು ಕಡಿದು, ಇನ್ನೊಂದು ಸಲ ಹೇಳಿದಳು. ವಿವರಿಸುವ ಅಗತ್ಯ ಬೀಳಲಿಲ್ಲ. ಆ ಮುಳ್ಳಿನಲ್ಲಿ ಅವರೆಲ್ಲರ ಆಡು ಸಿಕ್ಕಿಕೊಂಡಿದ್ದಿದೆ. ನಗು ನಿಂತಿತು.

“ಎಷ್ಟು ಕೊಟ್ರೇ ನಿನಗೆ ಸಾಂತಾ ರೀತಾದೋರು?” ಹಿಂದಿನಿಂದ ಒಬ್ಬ ಕೂಗಿದ. ಒಂದು ಮಣ್ಣುಹೆಂಟೆ ಬಂದು ಅವಳ ಹೆಗಲಿಗೆ ಬಡಿದು ಒಡೆಯಿತು. ಗುಂಪು ಒಂದು ಹೆಜ್ಜೆ ಮುಂದೆ ಬಂತು. ಅವಳು ಹಿಂದೆ ಸರಿದು ಇಗರ್ಜಿಯ ಬಾಗಿಲಿಗೆ ಬೆನ್ನು ಕೊಟ್ಟಳು. ಬಾಗಿಲು ಮುಚ್ಚಿತ್ತು.

ಗುಂಪಿನ ಅಂಚಿನಲ್ಲಿ ಕತ್ತೆಯ ಹಗ್ಗ ಹಿಡಿದು ಫಿದೆನ್ಸಿಯೊ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಒಂದು ಮಾತು ಆಡಿದರೆ ಸಾಕಿತ್ತು: ಹುಡುಗಿಗೆ ತಲೆ ಕೆಟ್ಟಿದೆ, ನಡೀರಿ. ಒತಿಲಿಯಾ ಅದನ್ನೇ ಕಾಯುತ್ತಿದ್ದಳು.

ಅವನು ಟೋಪಿ ತೆಗೆದು, ಅದರೊಳಗೆ ನೋಡಿ, ಮತ್ತೆ ಹಾಕಿಕೊಂಡ.

“ಕಿವಿಲಿ ಕೇಳಿದ್ದನ್ನ ಕೇಳಿಲ್ಲ ಅನ್ನಕ್ಕಾಗಲ್ಲ,” ಅಂದ. “ಪೈಪು ಇಳಿಸ್ರಪ್ಪ. ಸೋಮವಾರ ನ್ಯಾಯಾಧೀಶ್ರು ಏನು ಹೇಳ್ತಾರೋ ಹೇಳ್ಲಿ.”

ಸೋದರಸೊಸೆಯ ಕಡೆ ಅವನು ನೋಡಲಿಲ್ಲ. ಫೋನನ್ನು ಅತ್ತೆ ತಂದುಕೊಟ್ಟಳು.

ಸೋಮವಾರ ಒತಿಲಿಯಾ ತಿದ್ದಿದ ಅನುವಾದ ಒಪ್ಪಿಸಿ, ತಾಯಿಯ ಊರು ಯಾವುದೆಂಬುದನ್ನೂ ಹೇಳಿದಳು. ನ್ಯಾಯಾಧೀಶೆ ಎಲ್ಲರೆದುರು ಚೆನ್ನಾಗಿ ಬೈದು, ಅನುವಾದಕರ ಪಟ್ಟಿಯಿಂದ ಅವಳ ಹೆಸರು ತೆಗೆಯಲು ಬರೆಸಿದಳು. ಹೊರಗೆ ಮೊಗಸಾಲೆಯಲ್ಲಿ, ಕಪ್ಪು ಶಾಲು ಹೊದ್ದ ಒಬ್ಬ ಮುದುಕಿ ಅವಳ ದಾರಿಗೆ ಅಡ್ಡ ನಿಂತಳು. ಸಾಂತಾ ರೀತಾದ ದೋನ್ಯಾ ಕ್ರೆಸೆನ್ಸಿಯಾ, ಸತ್ತ ಎಲಿಸೆಯೊನ ತಾಯಿ.

“ಗುರುವಾರ ನಿಮ್ಮೋರು ಬರ್ತಾರೆ ಅಂತ ನಮಗೆ ಗೊತ್ತಿತ್ತು ಕಣಮ್ಮ,” ಅಂದಳು. “ನನ್ನ ಕಿರಿಮಗ ಬುಗ್ಗೆ ಮೇಲಿನ ಬಂಡೆ ಹಿಂದೆ ಕೂತಿದ್ದ, ಇನ್ನೂ ಎಂಟು ಜನ. ಬಂದೂಕು ಇತ್ತು. ನಾನೇ ರೊಟ್ಟಿ ಕಟ್ಟಿ ಕಳಿಸಿದ್ದೆ.”

ಒತಿಲಿಯಾಳ ಕಣ್ಣಿಗೆ ಇಲಾರಿಯೊನ ಹುಬ್ಬು, ಮಾವನ ಟೋಪಿ, ಪೈಪು ಹೊತ್ತ ಹೆಗಲುಗಳು ಒಂದರ ಹಿಂದೊಂದು ಬೆಟ್ಟ ಹತ್ತುವುದು ಕಂಡಿತು. ಇಷ್ಟು ದಿನ ಹೆದರಿದ್ದು ಏನೂ ಅಲ್ಲ ಎನಿಸಿ ಗೋಡೆಗೆ ಕೈಯೂರಿದಳು. ಮುದುಕಿ ಅವಳ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಚೀಲದಿಂದ ಬೀನ್ಸ್ ಕಾಳು ತುಂಬಿದ ತ್ಲಕೋಯೊ ರೊಟ್ಟಿಯೊಂದನ್ನು ತೆಗೆದು ಎರಡು ತುಂಡು ಮಾಡಿದಳು.

“ತಿನ್ನು. ಬಣ್ಣಗೆಟ್ಟಿದೀಯ.”

ಬುಗ್ಗೆ ಸಾಂತಾ ರೀತಾದ್ದೆಂದು ತೀರ್ಪಾಯಿತು. ಬೇಸಗೆಗೆ ಮುಂಚೆ ಫಿದೆನ್ಸಿಯೊ ಮತ್ತು ಕ್ರೆಸೆನ್ಸಿಯಾ ಶಿಲುಬೆಗಲ್ಲಿನ ಹತ್ತಿರ ಕೂತು, ವಾರಕ್ಕೆ ಮೂರು ದಿನ ಸಾನ್ ಹಾಸಿಂತೊಗೆ ನೀರು, ಬದಲಿಗೆ ಅವರಿಂದ ರಸ್ತೆ ಕೆಲಸ ಎಂದು ಮಾತು ಮಾಡಿಕೊಂಡರು. ಇಬ್ಬರದೂ ಒಂದೇ ಭಾಷೆ, ಅನುವಾದಕರು ಬೇಕಾಗಲಿಲ್ಲ. ಈ ಸುದ್ದಿಯನ್ನು ಒತಿಲಿಯಾಗೆ ತಿಳಿಸಿದವಳು ಸಂತೆಗೆ ಬಂದಿದ್ದ ಅತ್ತೆ. ಮಾವ ಇನ್ನೂ ಮಾತು ಬಿಟ್ಟಿದ್ದಾನೆ ಎಂದಳು. ಸತ್ತವರ ಹಬ್ಬಕ್ಕೆ ಬಾ, ನಿಮ್ಮಮ್ಮನ ಗೋರಿಗೆ ಹೂವಿಡಬೇಕಲ್ಲ ಎಂದೂ ಅಂದಳು. ಬರುತ್ತೇನೆ ಎಂದು ಒತಿಲಿಯಾ ಹೇಳಿದಳು. ಆ ಇಗರ್ಜಿಯ ಅಂಗಳ ದಾಟಿ ಹೋಗುವುದನ್ನು ನೆನೆದೇ ಅವಳ ಅಂಗೈ ಬೆವರಿತು.