ಬಾಡದ ಹಾರ

ಕಥೆ ಬರೆದವನು ಕೆಂಪರಾಜುವೇ. ಐದು ನಿಮಿಷದ ನಗೆ ಸಿನಿಮಾ. ಪ್ರೀತಿಸಿದ ಹುಡುಗಿ ಬೇರೊಬ್ಬನಿಗೆ ಹಾರ ಹಾಕುತ್ತಾಳೆ, ಅದನ್ನು ನೋಡುತ್ತಾ ಹಿಂದೆ ಹಿಂದೆ ಸರಿದ ಪ್ರೇಮಿ ತಿಪ್ಪೆಗುಂಡಿಗೆ ಬೀಳುತ್ತಾನೆ. ಬೀಳುವ ಪಾತ್ರವನ್ನು ತಾನೇ ಇಟ್ಟುಕೊಂಡ. ಬಿದ್ದವನ ಮೇಲೆ ಹೆಣ್ಣಿಗೆ ಕನಿಕರ ಹುಟ್ಟುತ್ತದೆ, ಕನಿಕರ ಪ್ರೀತಿಯಾಗಲು ಎಷ್ಟು ಹೊತ್ತು ಎಂಬುದು ಆ ಮಹಾಶಯನ ಲೆಕ್ಕಾಚಾರ. ನಾಯಕಿಯಾಗಿದ್ದ ಭಾನುಪ್ರಿಯಳ ಮೇಲೆ ಅವನಿಗೆ ನಿಜವಾಗಿಯೂ ಮನಸ್ಸಿತ್ತು. ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ.

ಮದುಮಗನ ಪಾತ್ರಕ್ಕೆ ಬಿಡದಿಯ ಫ್ಯಾಕ್ಟರಿಗೆ ಹೋಗುವ ಮುನಿಕೃಷ್ಣ. ಅವನಿಗೆ ಕೆಲಸವೇನು? ಇಸ್ತ್ರಿ ಮಾಡಿದ ಶರಟು ಹಾಕಿ ಕತ್ತು ಬಗ್ಗಿಸುವುದು, ಅಷ್ಟೆ.

ಹಾರವನ್ನೂ ಕೆಂಪರಾಜುವೇ ತಂದಿದ್ದ. ಚಿಟ್ಟೆ ತೂತು ಮಾಡಿ ಹೊರಬಂದ ರೇಷ್ಮೆಗೂಡುಗಳನ್ನು ಕತ್ತರಿಸಿ, ಬಣ್ಣ ಹಾಕಿ ಹಾರ ಕಟ್ಟುವುದರಲ್ಲಿ ಅವನ ಅವ್ವ ಮಾಯಮ್ಮನದು ಎತ್ತಿದ ಕೈ. "ನಮ್ಮವ್ವನ ಹಾರ ಬಾಡಾಕಿಲ್ಲ, ಉದುರಾಕಿಲ್ಲ" ಎಂದು ಭಾನುಪ್ರಿಯಳ ಮುಂದೆ ಕೊಚ್ಚಿಕೊಂಡಿದ್ದ.

ಬೈರಾಪಟ್ಟಣದ ತಿಪ್ಪೆಯ ಪಕ್ಕ ತೆಂಗಿನಗರಿಯ ಚಪ್ಪರ ಎದ್ದಿತು. ಡೈರೆಕ್ಟರ್ ದೀಪು ಮೊಬೈಲ್ ಹಿಡಿದು "ಆಕ್ಷನ್" ಎಂದ. ಭಾನುಪ್ರಿಯ ಹಾರ ಹಾಕಿದಳು. ಹಾಕಿ ಮುನಿಕೃಷ್ಣನ ಕಾಲರ್ ಸರಿಮಾಡಿದಳು. ಕಾಲರ್ ಕಥೆಯಲ್ಲಿ ಇರಲೇ ಇಲ್ಲ! ಕೆಂಪರಾಜುವಿನ ಹೊಟ್ಟೆಗೆ ಬೆಂಕಿ ಬಿತ್ತು. ಬೇಕೆಂದೇ ಮುಗ್ಗರಿಸಿ ಚಪ್ಪರದ ಕಂಬಕ್ಕೆ ಗುದ್ದಿದ. ಗರಿಯೆಲ್ಲ ದೀಪುವಿನ ತಲೆಯ ಮೇಲೆ ಬಿತ್ತು.

"ಕಟ್! ಇನ್ನೊಂದ್ ಸಲ!"

ಇನ್ನೊಂದು ಸಲ ಎಂದರೆ ಅವಳು ಇನ್ನೊಂದು ಸಲ ಹಾರ ಹಾಕಬೇಕು. ಪಾಪ, ಅದು ಅವನಿಗೆ ಹೊಳೆದದ್ದು ಅವಳು ಮತ್ತೆ ಮುನಿಕೃಷ್ಣನ ಹತ್ತಿರ ಹೋದಾಗಲೇ. ಹೊಳೆದರೂ ಹೊಟ್ಟೆಕಿಚ್ಚು ಕೇಳಬೇಕಲ್ಲ. ನೀರಿನ ಕೊಡ ಒದ್ದ. ಎಮ್ಮೆಯ ಹಗ್ಗ ಬಿಚ್ಚಿದ, ಎಮ್ಮೆ ಅವನನ್ನೇ ಎಳೆದುಕೊಂಡು ಓಡಿತು. ಕೆಡಿಸಿದಷ್ಟು ಸಲವೂ ಹಾರ ಆ ಕತ್ತಿಗೇ ಬಿತ್ತು. ಹೂವಿನದಾಗಿದ್ದರೆ ಅಷ್ಟರಲ್ಲಿ ಉದುರಿಹೋಗಿ ಶೂಟಿಂಗೇ ನಿಲ್ಲುತ್ತಿತ್ತು. ಹಾಳು ಗೂಡು, ಒಂದು ಎಸಳೂ ಅಲುಗಲಿಲ್ಲ.

"ಲೇ, ಒಸಿ ದುಃಖ ತೋರ್ಸ್ಲಾ! ಮಕದಾಗೆ ಬರೀ ಉರಿ ಕಾಣ್ತೈತೆ" ಎಂದು ದೀಪು ರೇಗಿದ.

ಎಲ್ಲರೂ ಸುಸ್ತಾಗಿ ನಿಂತಾಗ ಭಾನುಪ್ರಿಯ ಕೆಂಪರಾಜುವಿನ ಬಳಿ ಬಂದು, ಅವನ ತಲೆಗೆ ಅಂಟಿದ್ದ ಹುಲ್ಲು ತೆಗೆದಳು. ಇನ್ನೂ ಇದ್ದರೆ ಅದನ್ನೂ ತೆಗೆಯಲಿ ಎಂದು ಅವನು ತಲೆಯನ್ನು ಇನ್ನಷ್ಟು ಬಗ್ಗಿಸಿದ.

"ಕೆಂಪಣ್ಣ, ಹಾರ ಬೋ ಚೆಂದಾಗೈತೆ. ನಿಮ್ಮವ್ವಂಗೆ ಹೇಳಿ ಇಂಥದ್ದೇ ಒಂದು ಜೊತೆ ಕಟ್ಟಿಸ್ಕೊಡಣ್ಣಾ. ಮುಂದಿನ ತಿಂಗ್ಳು ನಂಗೂ ಮುನಿಗೂ ಮದ್ವೆ. ಮನೇಲೂ ಒಪ್ಕೊಂಡವ್ರೆ."

"ಆಯ್ತು ಕಣಮ್ಮ" ಎಂದ. ಬೇರೇನು ಹೇಳುತ್ತಾನೆ? ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದು ಇಟ್ಟ. ತಿಪ್ಪೆಗುಂಡಿ ಅಲ್ಲೇ ಇತ್ತು.

ದೊಪ್ಪನೆ ಬಿದ್ದವನನ್ನು ನೋಡಿ ಭಾನುಪ್ರಿಯ ಮುನಿಕೃಷ್ಣನ ತೋಳು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೀಪು ಮೊಬೈಲ್ ನಿಲ್ಲಿಸಿರಲೇ ಇಲ್ಲ.

"ಸಿಕ್ತು ಕಣ್ಲಾ!" ಎಂದು ಕುಣಿದಾಡಿದ. "ಬೆಳಗ್ಗೆಯಿಂದ ನಾನ್ ಕೇಳ್ತಿದ್ದಿದ್ದು ಇದೇ ಮಕಾನೇ!"