ಎದುರಿಗೆ ಕೂರುವವನು

ಶನಿವಾರ ಮಧ್ಯಾಹ್ನ ಅವಳ ಅಡುಗೆಮನೆಗೆ ಕಾಲಿಡಲು ಗಂಡನೊಬ್ಬನನ್ನು ಬಿಟ್ಟು ಯಾರಿಗೂ ಅಪ್ಪಣೆಯಿರಲಿಲ್ಲ. ಮರುದಿನದ ಆರಾಧನೆಗೆ ಬೇಕಾದ ರೊಟ್ಟಿಯನ್ನು ಅವಳು ಬೇಯಿಸುತ್ತಿದ್ದುದು ಆಗಲೇ. ತೆಳುವಾಗಿ ತಟ್ಟುವ ರೊಟ್ಟಿಯಲ್ಲ ಅದು. ತಟ್ಟೆಯಗಲಕ್ಕೆ ದುಂಡಗೆ ಉಬ್ಬಿ ಬರುವ ಒಂದೇ ಒಂದು ದೊಡ್ಡ ಬ್ರೆಡ್ಡು. ಯೇಸುಸ್ವಾಮಿಯ ಕೊನೆಯ ಊಟದ ನೆನಪಿಗೆ ಸಭೆಯಲ್ಲಿ ಅದು ಕೈಯಿಂದ ಕೈಗೆ ದಾಟುತ್ತದೆ. ತಮ್ಮ ತುಂಡನ್ನು ಯಾರೂ ತಾವೇ ಮುರಿದುಕೊಳ್ಳುವಂತಿಲ್ಲ, ಪಕ್ಕದವರು ಮುರಿದು ಕೊಡಬೇಕು. ಮುರಿಯಲು ಸುಲಭವಾಗಲಿ ಎಂದು ಓವನ್ನಿಗೆ ಇಡುವ ಮುಂಚೆ ಅವಳು ಹಿಟ್ಟಿನ ಮೇಲೆ ಚಾಕುವಿನಿಂದ ಗೆರೆ ಎಳೆಯುತ್ತಾಳೆ, ಒಬ್ಬೊಬ್ಬರಿಗೆ ಒಂದೊಂದು ಚೌಕ. ಒಂದೊಂದು ಚೌಕಕ್ಕೂ ಅದನ್ನು ತಿನ್ನುವವರನ್ನು ನೆನೆದು ಒಂದು ಮಾತಿನ ಪ್ರಾರ್ಥನೆ. ಅತ್ತೆ ಕಲಿಸಿದ ಪದ್ಧತಿ. ಸಭೆಯವರೆಲ್ಲ ಅವಳನ್ನು ರೊಟ್ಟಿಯಮ್ಮ ಎಂದೇ ಕರೆಯುತ್ತಾರೆ.

ರೊಟ್ಟಿಯಮ್ಮನ ಗಂಡನಿಗೆ ಮಾತ್ರ ಆ ರೊಟ್ಟಿಯಲ್ಲಿ ಪಾಲಿಲ್ಲ. ಯುದ್ಧದಿಂದ ಮರಳಿದ ಮೇಲೆ ಅವನು ಅದನ್ನು ಮುಟ್ಟಿಲ್ಲ. ಆರಾಧನೆಗೆ ತಪ್ಪದೆ ಬರುತ್ತಾನೆ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ಬೀದಿಯ ಮಕ್ಕಳು ಅವನಿಗೆ ಅಟೆನ್ಷನ್ ತಾತ ಎಂದು ಹೆಸರಿಟ್ಟಿರುವುದು ಅದಕ್ಕೇ. ಆದರೆ ರೊಟ್ಟಿ ಮೇಜಿನಿಂದ ಹೊರಟಿತೋ ಇಲ್ಲವೋ, ಎದ್ದು ಹೋಗಿ ಮೆಟ್ಟಿಲ ಬಳಿ ನಿಂತುಬಿಡುತ್ತಾನೆ. ಅವನ ವಿಷಯಕ್ಕೆ ಪಾದ್ರಿಗೂ ಸಭೆಯ ಹಿರಿಯರಿಗೂ ವರ್ಷಗಳಿಂದ ಜಟಾಪಟಿ. "ನಂಬಿಕೆಯಿಟ್ಟ ಸೇನಾಧಿಕಾರಿಗೆ ಯೇಸುಸ್ವಾಮಿ ಕೆಲಸ ಬಿಡು ಅಂದ್ರಾ? ಹೊಗಳಿದ್ರು!" ಎನ್ನುತ್ತಾರೆ ಪಾದ್ರಿ. "ಕತ್ತಿ ಎಳೆದ ಶಿಷ್ಯನಿಗೆ ಒರೆಗೆ ಹಾಕು ಅಂದಿದ್ದೂ ಅವರೇ ಅಲ್ವಾ?" ಎನ್ನುತ್ತಾರೆ ಹಿರಿಯರು. ಚಹಾ ಆರಿಹೋಗುವವರೆಗೂ ಅವರು ವಾದಿಸುವುದನ್ನು ಗಂಡ ಕೇಳಿಸಿಕೊಳ್ಳುತ್ತಾನೆ, ಬೇರೆ ಯಾರದೋ ಮನೆಯ ಜಗಳ ಕೇಳಿದ ಹಾಗೆ.

ಸೋಮವಾರ ಅವನ ಎದೆ ತೆರೆದು ಆಪರೇಷನ್ ಮಾಡುವವರಿದ್ದರು. ಕಷ್ಟವಿದೆ, ಆಸೆ ಬಿಡಬೇಡಿ ಎಂದಿದ್ದಳು ಡಾಕ್ಟರಮ್ಮ. ಆ ಎರಡು ಮಾತಿನಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೆಂದು ರೊಟ್ಟಿಯಮ್ಮನಿಗೆ ತಿಳಿದಿರಲಿಲ್ಲ. ಅವಳು ಬೇಡುತ್ತಿದ್ದುದು ಇಷ್ಟೇ: ನಾಳೆ ಒಂದು ದಿನ ಅವನು ಮೆಟ್ಟಿಲ ಬಳಿಗೆ ಹೋಗದಿರಲಿ.

"ಲೇ, ಒಂದು ಚೌಕ ಹೆಚ್ಚಾಗಿದೆ ನೋಡು," ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಗಂಡ ಹೇಳಿದ. "ನನ್ನನ್ನ ಮೆಲ್ಲಗೆ ಸೇರಿಸಿಬಿಟ್ಯಾ?"

"ಇಲ್ಲಪ್ಪ. ನಿಮ್ಮನ್ನ ಸೇರಿಸೋಕೆ ನಾನ್ಯಾರು?" ಅವಳು ಮತ್ತೆ ಮೊದಲಿಂದ ಎಣಿಸಿದಳು. ಮೂಲೆಯ ಚೌಕದ ಮೇಲೆ ಬೆರಳು ನಿಂತಿತು. "ಅಯ್ಯೋ, ನರ್ಸಮ್ಮ!"

ಸಭೆಯವಳೇ ಆದ ನರ್ಸಮ್ಮನನ್ನು ಮಣ್ಣು ಮಾಡಿ ತಿಂಗಳಾಗಿತ್ತು. ಚಾಕುವಿಗೆ ಅದು ಗೊತ್ತಿರಲಿಲ್ಲ.

"ಸತ್ತೋರಿಗೆಲ್ಲ ಪಾಲಿಡ್ತಾ ಹೋದ್ರೆ ನಿನ್ನ ಓವನ್ ಊರಗಲ ಬೇಕಾಗುತ್ತೆ ಕಣೆ." ಗಂಡ ನಕ್ಕ. ನಗು ಅರ್ಧಕ್ಕೇ ಆರಿತು. "ಅವಳು ಈಗ ಸ್ವರ್ಗದಲ್ಲೇ ಇದ್ದಾಳೆ ಅಂತೀಯಾ? ನಿಜವಾಗ್ಲೂ?"

"ಇರದೆ ಇನ್ನೇನು? ಬಂದ ಬಂದೋರಿಗೆಲ್ಲ ಬಿ.ಪಿ. ನೋಡ್ತಾ ಓಡಾಡ್ತಿರ್ತಾಳೆ."

"ಹಾಗಾದ್ರೆ ಅವನೂ ಇರ್ತಾನೆ."

ಯಾರು ಎಂದು ಅವಳು ಕೇಳಲಿಲ್ಲ. ಗಡಿಯ ಹಳ್ಳದ ದಡದಲ್ಲಿ ಶತ್ರು ಸೈನಿಕನೊಬ್ಬನನ್ನು ಕೊಂದೆ ಎಂದು ಯುದ್ಧದಿಂದ ಮರಳಿದ ಹೊಸತರಲ್ಲೇ ಅವನು ಹೇಳಿದ್ದ. ಅದರ ಮುಂದೆ ಒಂದು ಮಾತೂ ಆಡಿರಲಿಲ್ಲ. ಅವಳೂ ಕೆದಕಿರಲಿಲ್ಲ.

"ಮುಖ ತೊಳೀತಿದ್ದ," ಅವನು ಬೆಳ್ಳುಳ್ಳಿಯನ್ನು ನೋಡುತ್ತ ಹೇಳಿದ. "ಬಂದೂಕು ಪಕ್ಕದಲ್ಲೇ ಇತ್ತು. ಹಾಡು ಗುನುಗ್ತಿದ್ದ ಕಣೆ. ನಮ್ಮ ಸಭೇಲಿ ಹಾಡೋ ರಾಗ. ಮಾತು ಅವರ ಭಾಷೆದು, ರಾಗ ನಮ್ದೇ. ನನ್ನ ನೋಡಿದ, ಬಂದೂಕಿಗೆ ಕೈ ಹಾಕ್ದ. ನಾನು ಮೊದಲು ಹೊಡೆದೆ. ಹಾಡು ಅಲ್ಲಿಗೇ ನಿಂತೋಯ್ತು."

"ನೀವು ಹೊಡೀದಿದ್ರೆ ಅವನು ಹೊಡೀತಿದ್ದ."

"ಹೌದು. ಪಾದ್ರಿಗಳೂ ಅದನ್ನೇ ಅಂತಾರೆ. ಹಿರಿಯರು ಬೇರೆ ಅಂತಾರೆ. ಇಬ್ಬರೂ ನನ್ನ ಲೆಕ್ಕ ಇತ್ಯರ್ಥ ಮಾಡೋದ್ರಲ್ಲೇ ಇದ್ದಾರೆ. ನಂಗೆ ನರಕದ ಭಯ ಇಲ್ಲ ಕಣೆ, ಅಲ್ಲಿ ನಮ್ಮ ಪ್ಲಟೂನಿನ ಅರ್ಧ ಜನ ಸಿಗ್ತಾರೆ, ಹೊತ್ತು ಹೋಗುತ್ತೆ. ನಂಗೆ ಭಯ ಇರೋದು ಸ್ವರ್ಗದ್ದು. ಬಾಗಿಲು ದಾಟಿ ಒಳಗೆ ಹೋದೆ ಅಂತಿಟ್ಕೋ. ಊಟಕ್ಕೆ ಎಲ್ಲರೂ ಕೂತಿದ್ದಾರೆ. ನನ್ನ ಎದುರಿಗೇ ಅವನು. ಆಗ?"

"ಕ್ಷಮಿಸಿರ್ತಾನೆ ಬಿಡ್ರಿ."

"ಅದೇ ನನ್ನ ಭಯ. ಬೈದ್ರೆ ತಡ್ಕೋಬಹುದು. 'ಬಾಪ್ಪ, ಕೂತ್ಕೋ' ಅಂದ್ರೆ ಏನೇ ಮಾಡ್ಲಿ?" ಸಿಪ್ಪೆಯನ್ನೆಲ್ಲ ಅಂಗೈಗೆ ಬಳಿದುಕೊಂಡು ಎದ್ದ. "ಆ ರೊಟ್ಟಿ ತಿನ್ನೋದು ಅಂದ್ರೆ ಆ ಊಟಕ್ಕೆ ಬರ್ತೀನಿ ಅಂತ ಮಾತು ಕೊಟ್ಟ ಹಾಗೆ. ಹೇಗೆ ಕೊಡ್ಲಿ?"

ಅವನು ಹೊರಗೆ ಹೋದ. ರೊಟ್ಟಿಯಮ್ಮ ಹಿಟ್ಟನ್ನು ಮತ್ತೆ ನಾದಿ, ಹೊಸದಾಗಿ ಗೆರೆ ಎಳೆದು ಓವನ್ನಿಗೆ ಇಟ್ಟಳು. ಸ್ಟೂಲಿನ ಮೇಲೆ ಕೂತಳು. ಇಷ್ಟು ದಿನ ಸ್ವರ್ಗವೆಂದರೆ ಅವಳ ಕಣ್ಣಿಗೆ ಕಟ್ಟುತ್ತಿದ್ದುದು ಅವ್ವನ ಮನೆಯಂಥದೇ ಒಂದು ಮನೆ: ಅವ್ವ, ಅತ್ತೆ, ಹುಟ್ಟಿದ ವಾರಕ್ಕೇ ತೀರಿಕೊಂಡ ತನ್ನ ಮಗು, ಹೊಸದಾಗಿ ಹೋದ ನರ್ಸಮ್ಮ. ಎಲ್ಲ ತನ್ನವರೇ. ಈಗ ಆ ಮನೆಯ ಗೋಡೆಗಳು ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದವು. ಸರಿದ ಜಾಗಕ್ಕೆ ಜನ ಬರುತ್ತಿದ್ದರು. ಬೇರೆ ಸಮವಸ್ತ್ರದವರು, ಬೇರೆ ಭಾಷೆಯವರು, ಕೊಂದವರು, ಕೊಲೆಯಾದವರು, ಒಬ್ಬರ ಪಕ್ಕ ಒಬ್ಬರು ಜಾಗ ಮಾಡಿಕೊಟ್ಟು ಕೂರುತ್ತಿದ್ದರು. ಮೇಜಿಗೆ ಕೊನೆಯೇ ಕಾಣಲಿಲ್ಲ.

ಆ ಸಾಲಿನಲ್ಲಿ ಒಬ್ಬ ಹೆಂಗಸಿದ್ದಳು.

ಗಂಡ ಯುದ್ಧದಿಂದ ಮರಳಿದ ದಿನ ರೈಲು ನಿಲ್ದಾಣದ ನೆಲದ ಮೇಲೆಯೇ ಮಂಡಿಯೂರಿದ್ದಳು ರೊಟ್ಟಿಯಮ್ಮ. ಹೊಸ ಸೀರೆ ಕೊಳೆಯಾದರೂ ಲೆಕ್ಕಿಸದೆ 'ನನ್ನವನನ್ನು ಉಳಿಸಿದೆ ಸ್ವಾಮಿ' ಎಂದು ಅತ್ತಿದ್ದಳು. ಅಂದಿನಿಂದ ಪ್ರತಿ ರಾತ್ರಿ ಅದೇ ಸ್ತೋತ್ರ. ಅಂಥದೇ ಇನ್ನೊಂದು ನಿಲ್ದಾಣದಲ್ಲಿ, ಬೋಗಿಯ ಬಾಗಿಲುಗಳನ್ನೆಲ್ಲ ನೋಡಿ ನೋಡಿ, ಕೊನೆಗೆ ಖಾಲಿ ರೈಲನ್ನೂ ನೋಡಿ ಆ ಹೆಂಗಸು ಒಬ್ಬಳೇ ಮನೆಗೆ ನಡೆದಿರಬೇಕು. ತಾನು ಇಷ್ಟು ವರ್ಷ ದೇವರಿಗೆ ಸ್ತೋತ್ರ ಹೇಳಿದ್ದು ಗಂಡ ಹಾರಿಸಿದ ಆ ಗುಂಡಿಗಾಗಿ. ಆ ಹೆಂಗಸಿನ ಬೇಡಿಕೆಯೂ ಅದೇ ದೇವರ ಬಳಿಗೇ ಹೋಗಿತ್ತು. ಗಂಡನ ಮನಸ್ಸಿನಲ್ಲಿ ತಾನು ಕೊಂದವನಾದರೂ ಇದ್ದ. ತನ್ನ ಮನಸ್ಸಿಗೆ ಇವಳು ಬಂದದ್ದು ಇದೇ ಮೊದಲು.

ಓವನ್ ಟಿಣ್ ಎಂದಿತು. ರೊಟ್ಟಿ ಎಂದಿನಂತೆ ಹೊಂಬಣ್ಣಕ್ಕೆ ಬಂದಿತ್ತು. ಅದನ್ನು ಹೊರಗೆ ತೆಗೆಯುವಾಗ, ದೊಡ್ಡವರೆದುರು ನಿಂತ ಹಾಗೆ ಅವಳು ತಲೆ ತಗ್ಗಿಸಿದಳು.

ಭಾನುವಾರ, ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಎಂದಿನ ಹಾಗೆ ಮಡಚುವ ಕುರ್ಚಿಗಳು, ಗಡಗಡ ಎನ್ನುವ ಫ್ಯಾನು, ಕೆಳಗೆ ಬಸ್ಸುಗಳ ಹಾರ್ನು. ಗಂಡ ಮಹಡಿ ಹತ್ತಿದ್ದಕ್ಕೇ ಬೆವರಿದ್ದ. ಮತ್ತೆ ಮತ್ತೆ ಏಳಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಕೂತೇ ಇದ್ದ, ಆದರೆ ಮುಖ ಕಿಟಕಿಯ ಕಡೆಗಿತ್ತು. ಪಾದ್ರಿ ರೊಟ್ಟಿಯನ್ನೆತ್ತಿ ಪ್ರಾರ್ಥಿಸಿ ಮೊದಲ ಸಾಲಿಗೆ ಕೊಟ್ಟರು. ಅದು ಸಣ್ಣದಾಗುತ್ತ ಗಂಡ ಹೆಂಡತಿ ಕೂತಿದ್ದ ಸಾಲಿಗೆ ಬಂತು. ಪಕ್ಕದ ದರ್ಜಿ ಅಕ್ಕ ಒಂದು ತುಂಡು ಮುರಿದು ಅವಳತ್ತ ಚಾಚಿದಳು.

ರೊಟ್ಟಿಯಮ್ಮನ ಕೈ ಮಡಿಲಿನಿಂದ ಮೇಲೇಳಲಿಲ್ಲ.

"ತಗೊಳಮ್ಮಾ," ದರ್ಜಿ ಅಕ್ಕ ಪಿಸುಗುಟ್ಟಿದಳು. "ನೀನೇ ಮಾಡಿದ್ದಲ್ವಾ? ಉಪ್ಪು ಜಾಸ್ತಿಯಾಯ್ತಾ ಹೇಗೆ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪಾದ್ರಿ ಕತ್ತೆತ್ತಿ ನೋಡಿದರು. ಗಂಡ ಕಿಟಕಿಯಿಂದ ಮುಖ ತಿರುಗಿಸಿದ.

"ಏನಾಯ್ತೇ?"

"ಅವನಿಗೂ ಹೆಂಡತಿ ಇದ್ದಿರ್ತಾಳಲ್ರೀ," ಅವಳು ಅವನ ಕಿವಿಯ ಬಳಿ ಬಾಗಿ ಹೇಳಿದಳು. "ಅವಳೂ ಅಲ್ಲಿ ಕೂತಿರ್ತಾಳೆ. ನಾನು ದಿನಾ ಸ್ತೋತ್ರ ಹೇಳ್ತಿದ್ದೆ. ಅವಳಿಗೆ ಏನಂತ ಹೇಳ್ಲಿ?"

ಅವನು ಅವಳನ್ನು ನೋಡಿದ. ಇಷ್ಟು ವರ್ಷ ತಾನೊಬ್ಬನೇ ಕಾಯುತ್ತಿದ್ದ ಗಡಿಯ ಕಾವಲು ಚೌಕಿಗೆ ಇನ್ನೊಬ್ಬರು ಬಂದು ನಿಂತ ಹಾಗಿತ್ತು ಆ ನೋಟ. ಆಮೇಲೆ ಅವಳ ಮುಂದಿನಿಂದ ಕೈ ಚಾಚಿದ. "ಇಲ್ಲಿ ಕೊಡಮ್ಮಾ," ಎಂದು ದರ್ಜಿ ಅಕ್ಕನಿಂದ ತುಂಡನ್ನೂ ರೊಟ್ಟಿಯನ್ನೂ ಇಸಿದುಕೊಂಡ.

"ನಂಗೂ ಗೊತ್ತಿಲ್ಲ ಕಣೆ ಏನು ಹೇಳ್ಬೇಕು ಅಂತ," ತುಂಡನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಆದ್ರೆ ಆ ಊಟಕ್ಕೆ ನೀನು ಒಬ್ಬಳೇ ಹೋಗ್ಬೇಡ. ನಾನೂ ಬರ್ತೀನಿ."

ಅವಳು ತಿಂದಳು. ಆಮೇಲೆ ಗಂಡನ ಕೈಯಲ್ಲಿದ್ದ ರೊಟ್ಟಿಯಿಂದ ಒಂದು ತುಂಡು ಮುರಿದು ಹಿಡಿದಳು. ಅವನು ಬೆನ್ನು ನೆಟ್ಟಗೆ ಮಾಡಿದ, ದೊಡ್ಡವರು ಯಾರೋ ಒಳಗೆ ಬಂದಾಗ ಮಾಡುವ ಹಾಗೆ. ಅಂಗೈ ಚಾಚಿದ.

ಕೆಳಗೆ ಬಸ್ಸೊಂದು ಹಾದುಹೋಗಿ ಕಿಟಕಿಯ ಗಾಜು ಅದುರಿತು. ಅವನು ನಿಧಾನವಾಗಿ ಅಗಿಯುತ್ತಿದ್ದ. ಅವನ ಕಣ್ಣು ಎದುರಿನ ಸಾಲಿನಲ್ಲಿ ಖಾಲಿಯಿದ್ದ ಒಂದು ಕುರ್ಚಿಯ ಮೇಲೆ ನೆಟ್ಟಿತ್ತು. ರೊಟ್ಟಿಯಮ್ಮ ಅತ್ತ ನೋಡುವ ಧೈರ್ಯ ಮಾಡಲಿಲ್ಲ. ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡಳು.